ಆರನೆಯ ತೊಟ್ಟಿ

ವಾಸನೆ ಹಿಡಿಯದ ಕಾಲುಚೀಲವಂತೆ,
ಗಾಂಧಿಬಜಾರಿನಲ್ಲಿ ಕೊಂಡದ್ದು, ಜೋಡಿಗೆ ನೂರಿಪ್ಪತ್ತು.
ಒಗೆದ ನೀರಿಗೆ ಬೆಳ್ಳಿ ಇಳಿಯುತ್ತದೆ,
ಧೂಳಿಗಿಂತ ಸಣ್ಣ, ಕಣ್ಣಿನ ಲೆಕ್ಕಕ್ಕೆ ಸಿಗದ ಬೆಳ್ಳಿ.

ಶಂಕರಘಟ್ಟದ ಲ್ಯಾಬಿನಲ್ಲಿ ಆರು ತೊಟ್ಟಿ.
ಐದಕ್ಕೆ ಬೆಳ್ಳಿ, ಹನಿ ಹನಿ ಹೆಚ್ಚಿಸಿ;
ಆರನೆಯದಕ್ಕೆ ಬರೀ ನೀರು.
ಒಂದು ಮೀನೂ ಸಾಯಲಿಲ್ಲ.
ಬಾಲ ಬಡಿದವು, ತೌಡು ತಿಂದವು.
"ಚೆನ್ನಾಗೇ ಇದಾವಲ್ಲ ಮೇಡಂ" ಎಂದರು ಹಾಲೇಶಪ್ಪ.

ಚೆನ್ನಾಗಿರುವುದನ್ನು ನಂಬದಿರುವುದೇ ನನ್ನ ಸಂಬಳ.
ಅಕ್ಕಿಕಾಳಿನಷ್ಟು ಯಕೃತ್ತನ್ನು ಮಂಜುಗಡ್ಡೆಯ ಮೇಲಿಟ್ಟು ಅರೆದು
ಅದರ ಆರ್‌ಎನ್‌ಎಗೆ ಕಿವಿಗೊಡಬೇಕು,
ಬೆರಳ ಬೆವರು ತಾಗಿದರೂ ಕರಗಿಹೋಗುವ ಮಾತು.
ಯಾವ ಜೀನು ಕೂಗುತ್ತಿದೆ,
ಯಾವುದು ಬಾಯಿ ಮುಚ್ಚಿಕೊಂಡಿದೆ.

ಲೋಹ ಬಂದರೆ ಎಚ್ಚರಾಗುವ ಜೀನೊಂದಿದೆ,
ಬಂದದ್ದನ್ನು ಹಿಡಿದು ಕಟ್ಟಿಹಾಕಲು.
ಐದು ತೊಟ್ಟಿಯಲ್ಲೂ ಅದು ಎದ್ದು ಕೂತಿತ್ತು, ಸರಿ.
ಆರನೆಯದರಲ್ಲೂ.

ಪಿಪೆಟ್ಟನ್ನು ಬೈದೆ. ಪ್ರೈಮರ್ ಬದಲಿಸಿದೆ.
ಮೂರು ರಾತ್ರಿ, ಮೂರು ಪ್ಲೇಟು, ಅದೇ ಗೆರೆ,
ಏಳಬಾರದಷ್ಟು ಬೇಗ ಏಳುವ ಗೆರೆ.

"ಇದಕ್ಕೆ ನೀರು ಎಲ್ಲಿಂದ ತಂದ್ರಿ?"
ಹಾಲೇಶಪ್ಪನವರ ಮುಖ ಸಣ್ಣಗಾಯಿತು.
ಬೋರು ಕೆಟ್ಟಿತ್ತು. ಹೊಳೆಯಿಂದ ಎರಡು ಕೊಡ,
ಅವರ ಮಗಳು ಪುಷ್ಪಲತಾ ಈಜು ಕಲಿತ ಮಡುವಿನಿಂದ.
"ತಳ ಕಾಣತ್ತೆ ಮೇಡಂ, ಅಷ್ಟು ಚೊಕ್ಕ."

ವರದಿಯಲ್ಲಿ 'ಕಂಟ್ರೋಲ್' ಎಂಬಲ್ಲಿ
ಒಂದು ಸಾಲು ಖಾಲಿ ಬಿಟ್ಟಿದ್ದೇನೆ.
ಬಾಡಿಗೆ ಕೋಣೆಯ ಬಚ್ಚಲಲ್ಲಿ
ಕಾಲುಚೀಲ ನೆನೆಹಾಕಿದ ಬಕೆಟ್ಟು, ಭಾನುವಾರದ್ದು.
ನೀರನ್ನು ಎಲ್ಲಿ ಚೆಲ್ಲಲಿ,
ಇನ್ನೂ ಚೆಲ್ಲಿಲ್ಲ.