ಎಷ್ಟಿವೆ?

ಎಷ್ಟಿವೆ ಎಂದು ಕೇಳುತ್ತಾನೆ ವಿಸ್ಟಿನ್,
ಟ್ರಕ್ಕಿನ ಕಿಟಕಿಗೆ ಮೊಣಕೈ ಊರಿ,
ಇಂಜಿನ್ ಆರಿಸದೆ.
ಎಷ್ಟಿವೆ ಅಂದರೆ ಏನು ಹೇಳಲಿ?
ಬಿಲದ ಹೊರಗಿನವೋ, ಒಳಗಿನವೋ,
ಹೊಟ್ಟೆಯೊಳಗಿನವೂ ಸೇರಬೇಕೋ?

ಮೊದಲು ಲೆಕ್ಕವಿತ್ತು.
ಗೋಜೊ ದ್ವೀಪದ ಈ ಒಣಗಲ್ಲಿನ ಗೋಡೆಯ ಹಿಂದೆ
ಹದಿನಾರು ಗೂಡು, ತಂತಿಯ ನೆಲ,
ಗೂಡಿಗೊಂದು ಚೀಟಿ:
ಗಂಡು ಬಿಟ್ಟ ದಿನ, ಈದ ದಿನ,
ಸತ್ತದ್ದೆಷ್ಟು, ಉಳಿದದ್ದೆಷ್ಟು.
ಮಾವ ಮನ್ವೇಲ್ ನೀಲಿ ಪೆನ್ಸಿಲಿನಲ್ಲಿ ಬರೆಯುತ್ತಿದ್ದ,
ಅವನಾದ ಮೇಲೆ ನಾನು.
ಮೂವತ್ತೊಂದನೆಯ ದಿನ ತಪ್ಪಿಸಿದ ಹೆಣ್ಣಿಲ್ಲ;
ಇಗರ್ಜಿಯ ಗಂಟೆಯೇ ಒಮ್ಮೊಮ್ಮೆ ತಡವಾಗುತ್ತಿತ್ತು.

ಆಮೇಲೆ ಬೂದುಬಣ್ಣದವಳ ಹಿಂಗಾಲು ತಂತಿಯಲ್ಲಿ ಸಿಕ್ಕಿತು.
ರಾತ್ರಿಯಿಡೀ ಎಳೆದಿರಬೇಕು.
ಬೆಳಿಗ್ಗೆ ಕಾಲು ತೊಗಲಿಗೆ ಜೋತಿತ್ತು,
ಆದರೂ ಸೊಪ್ಪು ಕೊಟ್ಟರೆ ತಿಂದಳು.
ಚೀಟಿಯಲ್ಲಿ ಅದನ್ನು ಬರೆಯಲು ಅಂಕಣವಿರಲಿಲ್ಲ.

ಪಶುವೈದ್ಯೆ ಕತ್ತರಿಸಿ ಹೊಲಿದಳು.
ಮೊಲದ ಬೆಲೆಯ ನಾಲ್ಕರಷ್ಟು ತೆತ್ತೆ.
ಮಡಕೆಗೆ ಹಾಕಬಾರದಿತ್ತೆ, ಎಂದ ವಿಸ್ಟಿನ್.
ಅವನು ಹಿಡಿದ ಮೊಲಕ್ಕೆ ಯಾವತ್ತೂ ಮೂರೇ ಕಾಲು.
ನಾನು ಹಿಡಿದದ್ದಕ್ಕೆ, ನೋಡು,
ನಿಜಕ್ಕೂ ಮೂರೇ.

ಆ ಬೇಸಿಗೆ ಗೂಡುಗಳನ್ನೆಲ್ಲ ಕಿತ್ತೆ.
ಗೋಡೆಯ ಬುಡಕ್ಕೆ ಮೊಣಕಾಲಾಳ ಅಗೆದು
ಚಪ್ಪಡಿ ಕೂರಿಸಿದೆ, ಇಲಿ ನುಗ್ಗದಂತೆ.
ಮೇಲೆ ತಮ್ಮ ನೆನು ಕೊಟ್ಟ ಹಳೆಯ ಮೀನುಬಲೆ,
ಇನ್ನೂ ಉಪ್ಪು ವಾಸನೆ ಅದಕ್ಕೆ;
ಬೆಕ್ಕುಗಳು ಗೋಡೆಯ ಮೇಲೆ ಕೂತು
ಮೀನೋ ಮೊಲವೋ ಎಂದು ಯೋಚಿಸುತ್ತವೆ.

ಒಂಬತ್ತು ಹೆಣ್ಣು, ಎರಡು ಗಂಡು ಬಿಟ್ಟೆ.
ಎರಡು ಗಂಡು ನನ್ನದೇ ತಪ್ಪು.
ಮೂರನೆಯ ದಿನ ತುಪ್ಪಳ ಗಾಳಿಯಲ್ಲಿ ಹಾರಾಡಿತು,
ಒಂದರ ಕಿವಿ ಸೀಳಿತು,
ಇನ್ನೊಂದು ಭಾನುವಾರ ಬೆಳ್ಳುಳ್ಳಿಯ ಜೊತೆ ಬೆಂದಿತು.

ಹೆಣ್ಣುಗಳೋ, ಮೊದಲ ವಾರ
ಗೂಡಿನಷ್ಟೇ ಅಗಲದಲ್ಲಿ ಓಡಾಡಿದವು,
ಇಲ್ಲದ ತಂತಿಗೆ ಮೂಗು ತಾಗಿಸಿ
ಅಲ್ಲಿಂದಲೇ ಹಿಂತಿರುಗುತ್ತ.
ಮೊದಲು ಮಣ್ಣಿಗೆ ಉಗುರು ಹಾಕಿದವಳು ಮೂರುಕಾಲಿನವಳು.
ಪಾಪಾಸುಕಳ್ಳಿಯ ಬುಡದಲ್ಲಿ
ಮುಂಗಾಲಿಂದ ತೋಡಿ, ಎದೆಯಿಂದ ನೂಕಿ,
ಒಂದು ಕಡೆಗೆ ವಾಲಿ ಬೀಳುತ್ತ, ಏಳುತ್ತ.
ಅವಳ ಹಿಂದೆ ಉಳಿದವರೂ.

ಹೊಟ್ಟೆಯ ತುಪ್ಪಳ ಕಿತ್ತು ಬಾಯಿತುಂಬ ಒಯ್ದಳು ಒಂದು ಸಂಜೆ.
ಅಷ್ಟೇ.
ಬಿಲದ ಬಾಯಿ ಮಣ್ಣಿನಿಂದ ಮುಚ್ಚಿತ್ತು.
ರಾತ್ರಿ ಒಮ್ಮೆ ತೆರೆಯುತ್ತಾಳೆ,
ಒಂದು ಜಪಮಾಲೆ ಮುಗಿಯುವ ಮೊದಲೇ ಹಾಲೂಡಿಸಿ,
ಮತ್ತೆ ಮಣ್ಣೆಳೆದು, ತಟ್ಟಿ,
ಅಲ್ಲೇನೂ ಇಲ್ಲವೆಂಬಂತೆ
ದೂರ ಹೋಗಿ ಮುಖ ಒರೆಸಿಕೊಳ್ಳುತ್ತಾಳೆ.

ತಡೆಯಲಾಗಲಿಲ್ಲ ನನಗೆ.
ಪೆನ್ಸಿಲ್ ಕಿವಿಗೆ ಸಿಕ್ಕಿಸಿ ಬೋರಲು ಮಲಗಿ
ಭುಜದವರೆಗೂ ಕೈ ಇಳಿಬಿಟ್ಟೆ.
ಬೆಚ್ಚಗೆ, ಬೆತ್ತಲೆ, ಒಂದರ ಮೇಲೊಂದು ಮಿಡುಕುತ್ತ.
ನಾಲ್ಕು, ಐದು, ಆರೋ,
ಎಣಿಸುವಷ್ಟರಲ್ಲಿ ನನ್ನ ಬೆರಳೂ ಅವುಗಳಲ್ಲಿ ಸೇರಿಹೋದವು.

ಆಗ ಅವಳು ಬಡಿದಳು ನೆಲಕ್ಕೆ,
ಉಳಿದಿದ್ದ ಒಂದೇ ಹಿಂಗಾಲಿಂದ.
ಒಂದೇ ಪೆಟ್ಟು. ಇಡೀ ಹಿತ್ತಲು ಖಾಲಿ.
ನಾನೊಬ್ಬಳು,
ನೆಲದಲ್ಲಿ ಕೈ ಸಿಕ್ಕಿಕೊಂಡವಳಂತೆ.

ಅಂದಿನಿಂದ ಬರೆದಿಲ್ಲ.
ಮೂರು ವಾರಕ್ಕೆ ಬಿಲದ ಬಾಯಲ್ಲಿ ಕಿವಿಗಳು ಮೂಡಿದಾಗ
ಯಾರ ಮರಿ ಯಾವುದೆಂದು ಕೇಳಲಿಲ್ಲ;
ಎರಡು ಬಿಲ ಒಳಗೆಲ್ಲೋ ಒಂದಾಗಿದ್ದವು.

ಶನಿವಾರದ ಕೆಲಸ ಮಾತ್ರ ಕಷ್ಟವಾಗಿದೆ.
ಮೊದಲು ಮುಚ್ಚಳ ತೆರೆದರೆ ಕೈಗೆ ಗೊತ್ತಿತ್ತು.
ಈಗ ಕ್ಯಾರಬ್ ಕೋಡು ಹಿಡಿದು ಕಲ್ಲಿನ ಮೇಲೆ ಕೂರುತ್ತೇನೆ,
ಲಂಗದ ಅಂಚಿಗೆ ಬರುತ್ತವೆ.
ಬಂದವುಗಳಲ್ಲಿ ಒಂದನ್ನು ಎತ್ತುತ್ತೇನೆ.
ಬಾರದವು ಉಳಿಯುತ್ತವೆ.
ಇದು ನ್ಯಾಯ ಅಂತ ನಾನೇನೂ ಹೇಳಲಾರೆ.

ಎಷ್ಟಿವೆ, ಡೊಲೊರಾ?
ಮೊದಲು ಆ ಇಂಜಿನ್ ಆರಿಸು ವಿಸ್ಟಿನ್.
ಇಳಿದು ಬಾ, ಕೂತುಕೋ, ಕೆಮ್ಮಬೇಡ.
ಕಿವಿಗಳು ಮೊದಲು ಬರುತ್ತವೆ.