ಮೂರನೇ ಸಲವೂ ನನ್ನ ನಂಬರು

ಇಪ್ಪತ್ತು ವರ್ಷ ತಲಪಾಡಿ ದಾಟಿ
ಕೇರಳದ ಲಾಟರಿ ತಂದಿದ್ದೇನೆ.
ಓಣಂ ಬಂಪರು, ವಿಷು ಬಂಪರು,
ಒಂದಂಕಿಯಲ್ಲಿ ತಪ್ಪಿತು ಎಂದು ಹೇಳಿಕೊಳ್ಳಲಿಕ್ಕೂ ಇಲ್ಲ.
ಈಗ ಬೈಕಂಪಾಡಿಯ ಆಫೀಸಿನ ಕಂಪ್ಯೂಟರು
ಮುನ್ನೂರ ಹನ್ನೆರಡು ಡ್ರೈವರುಗಳ ರಾಶಿಯಿಂದ
ಒಂದೇ ಮಳೆಗಾಲದಲ್ಲಿ ಮೂರನೇ ಸಲ
ನನ್ನನ್ನು ಎತ್ತಿದೆ.
"ರ್‍ಯಾಂಡಮ್, ಲಿಗೋರಿಯಣ್ಣ, ಯಾರ ಕೈಯಲ್ಲೂ ಇಲ್ಲ"
ಎನ್ನುತ್ತಾನೆ ಸೂಪರ್‌ವೈಸರ್.
ಯಾರ ಕೈಯಲ್ಲೂ ಇಲ್ಲದ್ದು
ನನ್ನ ಕೈಗೆ ಒಂದು ಪ್ಲಾಸ್ಟಿಕ್ ಲೋಟ ಕೊಟ್ಟಿದೆ.

ಪಾಯಿಖಾನೆಯ ನಲ್ಲಿಗೆ ಟೇಪು ಸುತ್ತಿದ್ದಾರೆ.
ಗುಂಡಿಯ ನೀರಿಗೆ ನೀಲಿ ಹಾಕಿದ್ದಾರೆ,
ನಾವು ಅದನ್ನೇ ಮೊಗೆದು ಕೊಟ್ಟೇವು ಎಂದು.
ಬಾಗಿಲು ಅರ್ಧ ತೆರೆದೇ ಇರಬೇಕು.
ಆ ಅರ್ಧದಲ್ಲಿ ವಾಚ್‌ಮ್ಯಾನ್ ವಾಮನ ಮೆಂಡನ್ನರು,
ಮುಖ ಗೋಡೆಗೆ, ಕಿವಿ ನನಗೆ.
ಲ್ಯಾಬಿನ ಹುಡುಗಿ ಮೊಬೈಲು ನೋಡುತ್ತಿದ್ದಾಳೆ.
ನನ್ನ ವೆಲೀಟಾಳ ಪ್ರಾಯ.

ಬರುವುದಿಲ್ಲ.
ಎರಡು ಬೊಂಡ, ಒಂದು ಬಾಟಲಿ ನೀರು, ಮೇಲೊಂದು ಚಾ.
ಬರುವುದಿಲ್ಲ.
ಶಿರಾಡಿಯ ಬದಿಯಲ್ಲಿ, ಕತ್ತಲಲ್ಲಿ, ಮಳೆಯಲ್ಲಿ,
ಹಿಂದಿನ ಟಯರಿಗೆ ಒರಗಿದರೆ ಸಾಕು, ಬರುತ್ತಿದ್ದದ್ದು
ಇಲ್ಲಿ ಟ್ಯೂಬ್‌ಲೈಟಿನ ಕೆಳಗೆ
ಹೊಸ ಮದುಮಗಳ ಹಾಗೆ ಒಳಗೇ ಕೂತಿದೆ.
ಮೆಂಡನ್ನರು, ಪಾಪ, ಗೋಡೆಯ ಕಡೆಗೇ ತಿರುಗಿ
"ಸ್ಸ್... ಸ್ಸ್..." ಎನ್ನುತ್ತಾರೆ,
ಮಗುವನ್ನು ಅಂಗಳದ ಬದಿಯಲ್ಲಿ ನಿಲ್ಲಿಸಿ
ಅಮ್ಮಂದಿರು ಎನ್ನುವಂತೆ.
ಅವರ ಮೀಸೆ ಬೆಳ್ಳಗಾಗಿದೆ. ನನ್ನದೂ.

ಅಷ್ಟರಲ್ಲಿ ಹೊರಗೆ ಯಾರೋ ನಾಮಕ್ಕಲ್ಲಿನವನು
ಗ್ಯಾಸಿನ ಟ್ಯಾಂಕರ್ ನಿಲ್ಲಿಸಿ ಏರ್‌ಬ್ರೇಕ್ ಎಳೆದ,
ಸ್ಸ್ಸ್ಸ್ ಎಂದು ಉದ್ದಕ್ಕೆ.
ಮೂವತ್ತು ವರ್ಷದಿಂದ ಆ ಸದ್ದಿಗೇ
ನನ್ನ ಸೊಂಟ ಸಡಿಲಾಗುವುದು.
ಲೋಟ ತುಂಬಿತು. ಬಿಸಿ ಇತ್ತು.

ಪಟ್ಟಿಯಲ್ಲಿ ಐದು ಗೆರೆ ಬರಬೇಕಂತೆ.
ಬಂದರೆ ಇಲ್ಲ, ಬರದಿದ್ದರೆ ಉಂಟು.
ವೆಲೀಟಾ ಹೊಟ್ಟೆಯಲ್ಲಿದ್ದಾಗ ಕುಲಶೇಖರದ ಡಾಕ್ಟ್ರು
ಇಂಥದ್ದೇ ಪಟ್ಟಿ ಹಿಡಿದು
"ಗೆರೆ ಬಂದಿದೆ, ಉಂಟು" ಎಂದಿದ್ದರು.
ಅವತ್ತು ಲಾರಿಯ ಹುಡುಗರಿಗೆಲ್ಲ ಕೇಕು ಹಂಚಿದ್ದೆ.
ಇವತ್ತು ಬಂದದ್ದಕ್ಕೆ ಸಹಿ ಹಾಕಿದೆ.

ಯತಿರಾಜನ ಪಟ್ಟಿಯಲ್ಲಿ ನಾಲ್ಕೇ ಬಂದವು.
ಐದನೆಯ ಜಾಗ ಬೆಳ್ಳಗೆ,
ಆಗಷ್ಟೇ ಸುಣ್ಣ ಬಳಿದ ಗೋಡೆ.
ಎಂತ ತಕ್ಕೊಂಡದ್ದು? ಎಲ್ಲಿಂದ? ಯಾರು ಕೊಟ್ಟದ್ದು?
ಕೇಳಿದ್ದೆಲ್ಲ ಸರಿಯೇ.
ಘಾಟಿಯಲ್ಲಿ ಅವನು ಇಳಿಯುವಾಗ
ಎದುರಿನಿಂದ ಹತ್ತುವವನು ನಾನೇ ಅಲ್ಲವೇ.
ಆದರೆ ವಾರಕ್ಕೆ ನಾಲ್ಕು ಟ್ರಿಪ್ಪು ಬರೆದದ್ದು ಯಾರು ಎಂದು
ಅವರು ಕೇಳಲಿಲ್ಲ,
ನಾನೂ ಕೇಳಲಿಲ್ಲ.
ಹುಡುಗ ಬೀಗದಕೈ ಮೇಜಿನ ಮೇಲಿಟ್ಟ,
ಕೀಚೈನಿನ ಕೊರಗಜ್ಜನ ಪಟ
ಅಡಿಮೇಲಾಗದ ಹಾಗೆ ತಿರುಗಿಸಿ.

"ಅವನ ಕಲ್ಲಿದ್ದಲು ಹಾಸನಕ್ಕೆ ನೀವೇ ಬಿಡಿ ಅಣ್ಣ,
ನಿಮ್ಮದು ಕ್ಲೀನ್ ಅಲ್ವಾ."
ನಿನ್ನೆ ರಾತ್ರಿ ಮಲಗಿಲ್ಲ.
ಮೊನ್ನೆ ಮಾರನಹಳ್ಳಿಯ ಜಾಮಿನಲ್ಲಿ ಎರಡು ಗಂಟೆ,
ಸ್ಟಿಯರಿಂಗಿನ ಮೇಲೆ ತಲೆಯಿಟ್ಟು.
ಪಟ್ಟಿಯಲ್ಲಿ ಅದಕ್ಕೆ ಗೆರೆ ಇಲ್ಲ.

ಯತಿರಾಜ ಉದ್ದದ ಜನ.
ಸೀಟು ಮುಂದಕ್ಕೆ ಎಳೆದುಕೊಂಡೆ. ಕನ್ನಡಿಯಲ್ಲಿ
ಮೋಡ ಮಾತ್ರ ಕಾಣುತ್ತಿತ್ತು, ಅದನ್ನೂ ಬಗ್ಗಿಸಿದೆ.
ಬಾಗಿಲಿನ ಸಂದಿಯಲ್ಲಿ ಪೇಪರಿನ ಪೊಟ್ಟಣ,
ಒಳಗೆ ಗಾಂಧಾರಿ ಮೆಣಸು, ಹತ್ತಿಪ್ಪತ್ತು.
ಮೊದಲು ಇದನ್ನೇ ಕಚ್ಚಿ ನೋಡಿದ್ದಾನೆ.

ನೆಲ್ಯಾಡಿ ದಾಟಿದ ಮೇಲೆ ನಾನೂ ಒಂದು ಕಚ್ಚಿದೆ.
ಗುಂಡ್ಯದಲ್ಲಿ ಎರಡು.
ಕಣ್ಣಲ್ಲಿ ನೀರು, ಗಾಜಿನ ಮೇಲೆ ನೀರು,
ಎಡಗಡೆಯ ವೈಪರು ಸತ್ತಿತ್ತು.
ಮೊದಲ ತಿರುವಿಗೆ ಗೇರು ಇಳಿಸಿ
ಉದ್ದಕ್ಕೆ ಹಾರ್ನ್ ಹೊಡೆದೆ,
ಎದುರಿಗೆ ಬರುವವನು ಏಳಲಿ ಎಂದು,
ನಾನೂ.