ತಂಗಡಿ ಹೂವಿಗೆ ಯಾವ ನೀರು

ಕೋಟೆ ಬಾಗಿಲ ಎದುರು, ಇನ್ನೂ ಐದೂವರೆ.
ತಿಪ್ಪಕ್ಕ ಗಾಡಿಯ ಒಲೆ ಹೊತ್ತಿಸಿಲ್ಲ.
ಮೊದಲು ನೀರಿನ ಪಂಚಾಯ್ತಿ ಮುಗಿಯಬೇಕು.

ಒಂದು ಕೊಡದಲ್ಲಿ ಅವಳ ಬೀದಿಯ ಬೋರು.
ಇನ್ನೊಂದರಲ್ಲಿ ನಲ್ಲಿ, ವಾರಕ್ಕೊಮ್ಮೆ ಬರುವ ನೆಂಟ,
ಬಂದರೆ ಬ್ಲೀಚಿಂಗ್ ಪುಡಿಯ ಅತ್ತರು ಪೂಸಿಕೊಂಡೇ ಬರುತ್ತಾನೆ.
ನೀಲಿ ಕ್ಯಾನಿನಲ್ಲಿ, ಐದರ ನಾಣ್ಯ ನುಂಗಿ
ಯಂತ್ರ ಉಗುಳಿದ ಇಪ್ಪತ್ತು ಲೀಟರು.
ಮೂಲೆಯಲ್ಲಿ ಬಾಯಿಗೆ ಪಂಚೆ ಕಟ್ಟಿದ ಸಣ್ಣ ಗಡಿಗೆ:
ಹೋದ ವರ್ಷದ ಸ್ವಾತಿ ಮಳೆ.
ಅದನ್ನು ಮುಟ್ಟಿದವರ ಕೈಗೆ ಸೌಟಿನ ಏಟು.

ನಾನು ನೀರು ಪರೀಕ್ಷೆಯ ಲ್ಯಾಬಿನವಳು.
ಇಪ್ಪತ್ತೆರಡು ವರ್ಷ ಬಾಟಲಿಗಳಿಗೆ ಚೀಟಿ ಅಂಟಿಸಿದ್ದೇನೆ,
ಗಡಸು ಇಷ್ಟು, ಕ್ಷಾರ ಇಷ್ಟು, ಫ್ಲೋರೈಡು ಇಷ್ಟು,
ಕೆಳಗೆ ಕೆಂಪು ಶಾಯಿಯಲ್ಲಿ: ಕುಡಿಯಲು ಯೋಗ್ಯವಲ್ಲ.
ಕೆಂಪು ಶಾಯಿ ಕುಡಿಯುವಷ್ಟು ನೀರಿದ್ದ ಊರುಗಳಿಗೆ
ಹೋಗಿ ಅದನ್ನು ಓದಿ ಹೇಳಿಯೂ ಬಂದಿದ್ದೇನೆ.

ತಿಪ್ಪಕ್ಕನಿಗೆ ನನ್ನ ಅಂಕಿಗಳ ಮೇಲೆ ಗೌರವವಿದೆ, ನಂಬಿಕೆಯಿಲ್ಲ.
ಅವಳ ಲ್ಯಾಬೇ ಬೇರೆ.
ಬೇಳೆ ಎಷ್ಟು ಹೊತ್ತಿಗೆ ಒಡೆಯಿತು,
ಸೋಪು ನೊರೆಯಾಯಿತೋ, ಕೆಟ್ಟ ಹಾಲಿನ ಹಾಗೆ ತುಂಡಾಯಿತೋ,
ಪಾತ್ರೆಯ ತಳಕ್ಕೆ ಎಷ್ಟು ಸುಣ್ಣ ಬಳಿಯಿತು.

"ಯಾವ ನೀರಾದ್ರೇನಕ್ಕಾ, ಕುದಿಸ್ತೀಯಲ್ಲ" ಅಂದೆ ಒಂದು ದಿನ.
ಅವಳು ಮಾತಾಡಲಿಲ್ಲ. ನಾಲ್ಕು ಗಾಜಿನ ಲೋಟ ಇಟ್ಟಳು.
ಒಂದೊಂದಕ್ಕೂ ಒಣಗಿದ ತಂಗಡಿ ಹೂ, ಒಂದೊಂದು ಚಿಟಿಕೆ,
ಜೋಗಿಮಟ್ಟಿ ದಾರಿಯಲ್ಲಿ ಅವಳೇ ಆರಿಸಿ ತಂದದ್ದು.
ನಾಲ್ಕು ನೀರು, ಕುದಿ ಒಂದೇ.

ಬೋರಿನ ಲೋಟದಲ್ಲಿ ಹಳದಿ ಕಂದಿತು,
ಕಂದಿ, ಕಪ್ಪಿಟ್ಟು, ಪೆನ್ನಿಗೆ ತುಂಬುವ ಹಾಗಾಯಿತು.
"ಹೂವಿನೊಳಗಿನ ಒಗರು, ನೀರಿನೊಳಗಿನ ಕಬ್ಬಿಣ..."
ನಾನು ವಿವರಿಸಲು ಹೊರಟೆ.
"ಅತ್ತೆ ಸೊಸೆ ಅನ್ನು ಸಾಕು" ಅಂದಳು.

ನಲ್ಲಿ ನೀರಿನದು ಬಾಯಿಗಿಟ್ಟರೆ
ದೊಡ್ಡಾಸ್ಪತ್ರೆಯ ವರಾಂಡ.
(ರಾತ್ರಿಯಿಡೀ ಮುಚ್ಚಳ ತೆಗೆದಿಟ್ಟಿದ್ದರೆ ಅರ್ಧ ವಾಸನೆ ಹೋಗುತ್ತಿತ್ತು,
ಅಲ್ಲಿ ಬೆಕ್ಕಿನ ಕಾಟ.)

ಕ್ಯಾನಿನದಕ್ಕೆ ಬಣ್ಣ ಬಂತು.
ಗುಟುಕು ನಾಲಿಗೆ ದಾಟಿ ಹೋದದ್ದೇ ತಿಳಿಯಲಿಲ್ಲ.
"ಊರಿಲ್ಲದ ನೀರು ಕಣವ್ವ ಇದು,
ಯಾವ ಕಲ್ಲನ್ನೂ ಮಾತಾಡಿಸಿ ಬಂದದ್ದಲ್ಲ."

ನಾಲ್ಕನೆಯದು
ಬಂಡೆಗಳ ನೆತ್ತಿಗೆ ಆಗಷ್ಟೇ ತಾಗಿದ್ದ ಬಿಸಿಲಿನ ಬಣ್ಣ.
ಮೊದಲು ಒಗರು, ಆಮೇಲೆ ಹೂವು,
ಆಮೇಲೆ ಎಲ್ಲೋ ದೂರದ ಮಣ್ಣು.
ನಾನು ನಕ್ಕೆ. ನಗುತ್ತಲೇ ಅಭ್ಯಾಸದ ಕೈ ಬಾಯಿಗೆ ಹೋಯಿತು.

"ಕೈ ತೆಗಿ."

ಚಳ್ಳಕೆರೆ ಕಡೆಯ ನನ್ನ ಹಳ್ಳಿಯಲ್ಲಿ
ಬೋರು ಚಿಮ್ಮಿದ ದಿನ ತೆಂಗಿನಕಾಯಿ ಒಡೆದಿದ್ದರು,
ಲಾರಿ ಡ್ರೈವರನಿಗೆ ಹಾರ ಹಾಕಿದ್ದರು.
ನನಗೆ ಮೂರು ವರ್ಷ. ಅಪ್ಪ ಬೊಗಸೆಯಲ್ಲಿ ಕುಡಿಸಿದ್ದ.
ಎಷ್ಟು ಸಿಹಿ ಇತ್ತೆಂದರೆ ಇನ್ನೂ ನೆನಪಿದೆ.
ಹಾಲುಹಲ್ಲು ಬಿದ್ದು ಬಂದ ಹಲ್ಲುಗಳ ಮೇಲೆ
ಕಂದು ಗೆರೆ, ಅಡ್ಡಡ್ಡ, ರೂಲು ಪುಸ್ತಕದ ಹಾಗೆ:
ನಾನು ಮಾಡಿದ ಮೊದಲ ರಿಪೋರ್ಟು.

ತಿಪ್ಪಕ್ಕ ನೋಡಿದಳು, ಪಾತ್ರೆಯ ತಳ ನೋಡುವ ಹಾಗೆ,
ಹೊತ್ತು ತಗೊಂಡು, ಅಯ್ಯೋ ಅನ್ನದೆ.
"ಗಟ್ಟಿ ನೀರು" ಅಂದಳು ಅಷ್ಟೇ,
ನೀರನ್ನೋ ನನ್ನನ್ನೋ.

ಅಷ್ಟರಲ್ಲಿ ವಾಕಿಂಗಿನವರು ಇಳಿದು ಬಂದರು,
ಸಕ್ಕರೆ ಕಾಯಿಲೆಯ ಹೆಡ್ ಮಾಸ್ತರರು, ಮಫ್ಲರಿನ ದಫೇದಾರ.
ಅವಳು ಕ್ಯಾನು ಬಗ್ಗಿಸಿ ಪಾತ್ರೆ ತುಂಬಿದಳು,
ಗಡಿಗೆಯ ಪಂಚೆ ಸರಿಸಿ
ತೆಂಗಿನ ಚಿಪ್ಪಿನಲ್ಲಿ ಒಂದೇ ಒಂದು ಚಿಪ್ಪು ಸ್ವಾತಿ ಹೊಯ್ದಳು.
"ಎಲ್ಲರಿಗೂ ಅದನ್ನೇ ಕೊಟ್ರೆ ಶಿವರಾತ್ರಿಗೆ ಖಾಲಿ.
ಊರಿಲ್ಲದ್ದಕ್ಕೆ ಒಂದು ಊರು ತೋರಿಸಿದ್ರೆ ಸಾಕು."

ಹೊರಡುವಾಗ ಬೇಡಿ ಬೇಡಿ ಒಂದು ಬಾಟಲಿ ಮಳೆ ತಂದೆ.
ಲ್ಯಾಬಿನ ಫಾರಮ್ಮಿನಲ್ಲಿ, ಮೂಲ ಎಂಬ ಕಡೆ,
ಬೋರು, ಬಾವಿ, ಕೆರೆ, ನಲ್ಲಿ ಇದ್ದವು.
ಪಕ್ಕದಲ್ಲಿ ಬರೆದೆ: ತಿಪ್ಪಕ್ಕನ ಸೂರು.
ಕೆಳಗೆ, ಷರಾ ಎಂಬಲ್ಲಿ,
ಕೆಂಪು ಪೆನ್ನು ಪಕ್ಕಕ್ಕಿಟ್ಟು, ನೀಲಿಯಲ್ಲಿ:
ಮಾದರಿ ಲಭ್ಯವಿಲ್ಲ.
ಕುಡಿಯಲಾಗಿದೆ.